ತಂತಿ ಸುತ್ತಿಟ್ಟವರು

ಚಿಕ್ಕಪ್ಪನಿಗೆ ಏಳು ವರ್ಷ ಶಿಕ್ಷೆ ಅಂತ ಚಿಕ್ಕಮಗಳೂರಿನ ಕೋರ್ಟಲ್ಲಿ ತೀರ್ಪಾದ ದಿನ ನಮ್ಮ ಕುಟುಂಬದವರು ಮಾಡಿದ ಮೊದಲ ಕೆಲಸ ಅವರನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆದದ್ದು. ಅವರ ಫೋನು ಅಷ್ಟೊತ್ತಿಗೆ ಸಾಕ್ಷಿಯಾಗಿ ಪೊಲೀಸರ ಬೀರುವಿನಲ್ಲಿ ಸತ್ತು ಮಲಗಿ ಎರಡು ವರ್ಷ ಆಗಿತ್ತು. ಆದರೂ ನಮ್ಮ ಸೋದರತ್ತೆಗೆ ಸಮಾಧಾನ ಇರಲಿಲ್ಲ. "ನಾಳೆ ಯಾರಾದ್ರೂ ಗ್ರೂಪ್ ತೆಗೆದು ನೋಡಿದ್ರೆ ಎಂತ ಅಂದ್ಕೋತಾರೆ?" ಅಂತ ಅವರೇ ಅಡ್ಮಿನ್ ಅಧಿಕಾರ ಚಲಾಯಿಸಿ ಸ್ವಂತ ತಮ್ಮನನ್ನು ಹೊರಗೆ ಹಾಕಿದರು. ಅದಾಗಿ ಎರಡು ನಿಮಿಷಕ್ಕೆ ಒಂದು ಗುಲಾಬಿ ಹೂವು, ಕೆಳಗೆ "ಶುಭ ಸಂಜೆ". ನಾನೂ ಅದಕ್ಕೆ ಕೈಮುಗಿಯುವ ಚಿತ್ರ ಒತ್ತಿದೆ. ನಾನು ಯಾರಿಗೇನು ಕಮ್ಮಿ?

ನಾನು ಮಿಮಿಕ್ರಿ ಮಾಡುತ್ತೇನೆ. ಹೊಟ್ಟೆಪಾಡಿಗಲ್ಲ. ಹೊಟ್ಟೆಪಾಡಿಗೆ ಪೇಟೆಯಲ್ಲಿ ಕಾಫಿಬೀಜ ಹದಮಾಡುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ಚೀಲಗಳಿಗೆ ಚೀಟಿ ಅಂಟಿಸುತ್ತೇನೆ. ಮಿಮಿಕ್ರಿ ಮದುವೆಮನೆಗಳಿಗೆ, ಎಸ್ಟೇಟಿನ ವಾರ್ಷಿಕೋತ್ಸವಕ್ಕೆ, ಗಣಪತಿ ಪೆಂಡಾಲಿಗೆ. ಘಾಟಿ ಹತ್ತುವಾಗ ಗೇರು ಬೀಳದ ಬಸ್ಸಿನ ಶಬ್ದದಿಂದ ಶುರು ಮಾಡಿ, ಆಳುಗಳನ್ನು ಬೈಯುವ ಮೇಸ್ತ್ರಿ, ಇಂಗ್ಲಿಷಿನಲ್ಲೇ ಕೆಮ್ಮುವ ಪ್ಲಾಂಟರು, ಹೀಗೆ ಊರಿನವರನ್ನೆಲ್ಲ ಒಂದು ಗಂಟಲೊಳಗೆ ಇಟ್ಟುಕೊಂಡಿದ್ದೇನೆ. ನನ್ನದೇ ದನಿ ಯಾವುದು ಅಂತ ಕೇಳಿದರೆ ಸ್ವಲ್ಪ ಹುಡುಕಬೇಕಾಗುತ್ತದೆ.

ಚಿಕ್ಕಪ್ಪ ಮಾಡಿದ್ದು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅವರಿಗೆ ಮೂರು ಎಕರೆ ಕಾಫಿ, ಅದರ ಕೆಳಗೆ ಒಂದು ತುಂಡು ಗದ್ದೆ, ಬಾಡಿಗೆಗೆ ಓಡಿಸುವ ಒಂದು ಪಿಕಪ್. ಗದ್ದೆಗೆ ಕಾಡುಹಂದಿ ಕಾಟ. ಹಂದಿಗೆ ಅಂತ ಬೇಲಿಗೆ ತಂತಿ ಕಟ್ಟಿ ಪಂಪ್‌ಸೆಟ್ಟಿನ ಲೈನಿಂದ ಕರೆಂಟು ಕೊಡುತ್ತಿದ್ದರು. ಸಂಜೆ ಹಾಕುವುದು, ಬೆಳಗ್ಗೆ ತೆಗೆಯುವುದು. ಒಂದು ಬೆಳಗ್ಗೆ ಬಾಡಿಗೆ ಸಿಕ್ಕಿತು ಅಂತ ಕಳಸಕ್ಕೆ ಹೊರಟವರು ತೆಗೆಯುವುದನ್ನು ಮರೆತರು. ಪಕ್ಕದ ಎಸ್ಟೇಟಿನ ಆಳುಗಳ ಲೈನ್‌ಮನೆಯಲ್ಲಿದ್ದ ಒಬ್ಬರು ಕೆಲಸಕ್ಕೆ ತಡವಾಯಿತು ಅಂತ ಗದ್ದೆ ಬದಿಯ ಅಡ್ಡದಾರಿಯಲ್ಲಿ ಬಂದರು. ಬೇಲಿಗೆ ಕೈ ತಾಗಿತು. ಅಷ್ಟೇ. ನಾನು ಹೋಗಿ ನೋಡುವಾಗ ಅವರ ಬುತ್ತಿಡಬ್ಬಿ ಬದುವಿನ ಮೇಲೆ ನೆಟ್ಟಗೆ ಕೂತಿತ್ತು, ಯಾರೋ ಜೋಪಾನವಾಗಿ ಇಟ್ಟ ಹಾಗೆ.

ಚಿಕ್ಕಪ್ಪ ತಪ್ಪು ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಒಂದು ಜೀವ ಹೋಯಿತು. ಶಿಕ್ಷೆ ಆಗಬೇಕಿತ್ತು, ಆಯಿತು. ನಾನು ಹೇಳಬೇಕಾಗಿರುವುದು ಆ ಬೆಳಗ್ಗೆ ಊರು ಓಡಿದ ಓಟದ ಬಗ್ಗೆ.

ಸುದ್ದಿ ಹಬ್ಬಿದ್ದೇ ತಡ, ಸತ್ತವರ ಹತ್ತಿರ ಓಡಿದವರು ನಾಲ್ಕೈದು ಜನ. ಉಳಿದವರೆಲ್ಲ ಓಡಿದ್ದು ತಮ್ಮ ತಮ್ಮ ಗದ್ದೆಗೆ. ಯಾಕೆಂದರೆ ತಂತಿ ಇಲ್ಲದ ಬೇಲಿ ನಮ್ಮೂರಿನಲ್ಲಿ ಒಂದೂ ಇರಲಿಲ್ಲ. ಮಂಡಿನೋವು ಅಂತ ದೇವಸ್ಥಾನದ ನಾಲ್ಕು ಮೆಟ್ಟಿಲು ಹತ್ತದ ಸಮಿತಿ ಅಧ್ಯಕ್ಷರು ಅಂದು ಜಿಗಿದ ಜಿಗಿತ ನೋಡಬೇಕಿತ್ತು. ಪಂಚೆ ಎತ್ತಿಕಟ್ಟಿ ಮೂರು ಬದು ಹಾರಿದರು. ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ನಮ್ಮ ಪಕ್ಕದ ಮನೆಯವರು, ಇಡೀ ಊರಿಗೆ ಆ ತಂತಿ ಮಾರಿದವರು, ಅಂಗಡಿ ಬಾಗಿಲನ್ನೂ ತೆಗೆಯದೆ ತಂತಿ ಸುತ್ತುತ್ತಾ ನಿಂತಿದ್ದರು. ಪೊಲೀಸ್ ಜೀಪು ಬರುವ ಹೊತ್ತಿಗೆ ಊರಿನ ಬೇಲಿಗಳೆಲ್ಲ ಬರೀ ಗೂಟಗಳು. ಅಂಥ ಒಗ್ಗಟ್ಟನ್ನು ನಾನು ಶ್ರಮದಾನದಲ್ಲೂ ಕಂಡವನಲ್ಲ.

ನಮ್ಮ ಅಪ್ಪ ದೊಡ್ಡ ಎಸ್ಟೇಟೊಂದರಲ್ಲಿ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವರು. ಮಾತಾಡಿದರೂ ಹಾಜರಿ ಕೂಗಿದ ಹಾಗೇ ಇರುತ್ತದೆ. ಅವರಿಗೂ ಗದ್ದೆ ಇದೆ, ಅವರಿಗೂ ತಂತಿ ಇತ್ತು. ಅದನ್ನು ಸುತ್ತಿದವನು ನಾನು. ಮನೆ ಹಿಂದೆ ಕಾಫಿಸಿಪ್ಪೆಯ ರಾಶಿ ಇತ್ತು.

"ಅಪ್ಪಾ, ಸಿಪ್ಪೆ ಕೆಳಗೆ ಹಾಕ್ಲಾ?"

"ಆಳಕ್ಕೆ ಹಾಕು. ನಾಯಿ ಕೆದಕದ ಹಂಗೆ."

ಹಾಕಿದೆ. ಕೈ ತೊಳೆದೆ. ಆಮೇಲೆ ಅಪ್ಪನೂ ನಾನೂ ದುಃಖದ ಮುಖ ಮಾಡಿಕೊಂಡು ಚಿಕ್ಕಪ್ಪನ ಗದ್ದೆಗೆ ಹೋದೆವು. ಮುಖ ಮಾಡುವುದರಲ್ಲಿ ನಾನು ನಿಸ್ಸೀಮ. ಅಪ್ಪ ನನಗಿಂತ ನಿಸ್ಸೀಮ ಅಂತ ಅವತ್ತು ಗೊತ್ತಾಯಿತು.

ತೀರ್ಪಿನ ಮಾರನೇ ದಿನದಿಂದ ಊರಿಗೆ ಚಿಕ್ಕಪ್ಪನ ಹುಟ್ಟುಗುಣವೆಲ್ಲ ಒಂದೊಂದಾಗಿ ನೆನಪಾಗತೊಡಗಿತು. "ಚಿಕ್ಕವನಿದ್ದಾಗಲೇ ಅವನಿಗೆ ಗಮನ ಕಮ್ಮಿ." "ಗಾಡಿ ಓಡ್ಸೋದು ನೋಡಿದ್ರೇ ಗೊತ್ತಾಗ್ತಿರಲಿಲ್ವಾ?" ಆ ಗಾಡಿಯಲ್ಲೇ ಗೊಬ್ಬರ, ಹೆಣ, ಹೆರಿಗೆ ನೋವಿನ ಹೆಂಗಸರು ಎಲ್ಲ ಹೋಗಿದ್ದರು. ಸಮಾಧಾನ ಹೇಳಲು ಬಂದವರು ಚಿಕ್ಕಮ್ಮ ಕೊಟ್ಟ ಕಾಫಿ ಕುಡಿದು, "ಜೈಲಲ್ಲಿ ಊಟ ಎಂತ ಕೊಡ್ತಾರಂತೆ?" ಅಂತ ಕೇಳಿ, ಉತ್ತರವನ್ನು ಬಿಸಿಯಾಗಿರುವಾಗಲೇ ಮುಂದಿನ ಮನೆಗೆ ಮುಟ್ಟಿಸುತ್ತಿದ್ದರು. ನಮ್ಮ ಮನೆಯ ಹಜಾರದಲ್ಲಿದ್ದ ಕುಟುಂಬದ ಫೋಟೋ ಒಳಕೋಣೆಗೆ ಹೋಯಿತು. "ಗೋಡೆಗೆ ಸುಣ್ಣ ಹೊಡೀಬೇಕು" ಅಂದರು ಅಪ್ಪ. ಸುಣ್ಣ ಇನ್ನೂ ಹೊಡೆದಿಲ್ಲ. ಮನೆಯಲ್ಲಿ ಚಿಕ್ಕಪ್ಪನ ದನಿ ಮಾಡಬಾರದು ಅಂತ ನನಗೂ ಅಪ್ಪಣೆಯಾಯಿತು. ಮುಂದಿನ ಭತ್ತದ ಬೆಳೆಗೆ ಊರಿನ ಬೇಲಿಗಳಲ್ಲಿ ಒಂದೊಂದೇ ತಂತಿ ಮತ್ತೆ ಕಾಣಿಸಿಕೊಂಡಿತು. ಅದರ ಬಗ್ಗೆ ಮಾತ್ರ ಯಾರ ಬಾಯಲ್ಲೂ ಮಾತಿಲ್ಲ.

ಹೀಗಿರುವಾಗ ಚಿಕ್ಕಪ್ಪನ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗ ವಸ್ತಾರೆ ಕಡೆಯವನು. ಎಲ್ಲ ತಿಳಿದೂ ಒಪ್ಪಿದವನು, ಅಂದರೆ ನಮ್ಮೂರಿನವನಲ್ಲ. ನಮ್ಮಲ್ಲಿ ಮಗಳನ್ನು ಧಾರೆ ಎರೆಯುವುದಕ್ಕೆ ಗಂಡ ಹೆಂಡತಿ ಜೊತೆಯಾಗಿ ಕೂರಬೇಕು. ಚಿಕ್ಕಪ್ಪ ಬರದಿದ್ದರೆ ಚಿಕ್ಕಮ್ಮನೂ ಕೂರುವ ಹಾಗಿಲ್ಲ. ಹೆತ್ತು ಸಾಕಿದ ಮಗಳ ಧಾರೆಯನ್ನು ಕಂಬದ ಪಕ್ಕ ನಿಂತು ನೋಡಬೇಕು. ಅದಕ್ಕೇ ಚಿಕ್ಕಮ್ಮ ಪೆರೋಲಿಗೆ ಅರ್ಜಿ ಹಾಕಿದರು. ಅರ್ಜಿಯ ಜೊತೆಗೆ ಎರಡು ಬೇಕಿತ್ತು. ಜಮೀನು ಇರುವ ಒಬ್ಬ ಹತ್ತಿರದ ಸಂಬಂಧಿಯ ಜಾಮೀನು, ಮತ್ತು ಇವರು ಬಂದರೆ ತೊಂದರೆ ಇಲ್ಲ ಅಂತ ಊರವರ ಹೇಳಿಕೆ.

ಚಿಕ್ಕಮ್ಮ ಕಾಗದ ಹಿಡಿದು ನಮ್ಮ ಮನೆಗೆ ಬಂದರು. "ಭಾವ, ನಿಮ್ಮದೊಂದು ಸೈನು. ಮೂರೇ ದಿನ. ಧಾರೆ ಮುಗಿಸಿ ವಾಪಸ್ ಹೋಗ್ತಾರೆ."

"ನೋಡು, ನಾನು ಇಲ್ಲ ಅಂತ ಹೇಳ್ತಾ ಇಲ್ಲ," ಅಂದರು ಅಪ್ಪ. ಅಪ್ಪ ಇಲ್ಲ ಅನ್ನುವುದು ಹೀಗೇ. "ಪೊಲೀಸಿನವರು ವಿಚಾರಣೆಗೆ ಬರ್ತಾರಲ್ಲ, ಆಗ ನೋಡಣ."

ಚಿಕ್ಕಮ್ಮ ಹೋದ ಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ಜಾಮೀನು ನಿಂತ್ರೆ ಮನೆಗೆ ಬರ್ತಾರೆ ಮಾರಾಯ. ಜಮೀನು ನೋಡ್ತಾರೆ. ಹಿತ್ತಲು ನೋಡ್ತಾರೆ." ಅಂದು ಕಿಟಕಿಯಿಂದ, ನಮ್ಮ ತಂತಿ ಇನ್ನೂ ಅಡಗಿದ್ದ ಸಿಪ್ಪೆರಾಶಿಯನ್ನು ನೋಡಿದರು. ನನ್ನ ಹೆಸರಿನಲ್ಲಿ ಜಮೀನಿದ್ದರೆ ನಾನು ನಿಲ್ಲುತ್ತಿದ್ದೆ ಅಂತ ಆವಾಗ ಅಂದುಕೊಂಡೆ. ನನ್ನ ಹೆಸರಿನಲ್ಲಿರುವುದು ಒಂದು ಸ್ಪೀಕರು ಮತ್ತು ಒಂದು ಮೈಕು. ಆಸ್ತಿ ಇಲ್ಲದವನು ಧೈರ್ಯಶಾಲಿ ಆಗುವುದು ಬಹಳ ಸುಲಭ.

ಕಾನ್‌ಸ್ಟೇಬಲ್ ಒಂದು ಬೆಳಗ್ಗೆ ಬೈಕಿನಲ್ಲಿ ಬಂದು ಹಾಲಿನ ಡೈರಿಯ ಜಗುಲಿಯಲ್ಲಿ ಕೂತರು. ಉದ್ದನೆಯ ಪುಸ್ತಕ ಬಿಚ್ಚಿ ಕೇಳಿದರು, "ಇವ್ರು ಮದುವೆಗೆ ಬಂದು ಹೋದ್ರೆ ಊರಿಗೆ ತೊಂದ್ರೆ ಏನಾದ್ರೂ ಇದ್ಯಾ?"

ಅಧ್ಯಕ್ಷರು ಮೂರು ಸಲ ಗಂಟಲು ಸರಿಮಾಡಿಕೊಂಡರು. ದೇವರಿಗೆ ಒಂದು, ಊರಿಗೆ ಒಂದು, ತಮಗೆ ಒಂದು. "ಒಟ್ಟಾರೆ ಹೇಳೋದಾದ್ರೆ ನಮ್ದೇನೂ ಅಭ್ಯಂತರ ಇಲ್ಲ ಸಾರ್. ಆದ್ರೆ ನನ್ನ ಹೆಸ್ರು ಬರ್ಕೊಬೇಡಿ. ಸಮಿತಿಯಲ್ಲಿದೀನಿ ನೋಡಿ."

ಹಾರ್ಡ್‌ವೇರಿನವರು ನಕ್ಕರು. ಗಿರಾಕಿಗೆ ನಗುವ ನಗೆ. "ಬರ್ಲಿ ಸಾರ್, ಪಾಪ. ನಮ್ಮವ್ರೇ ಅಲ್ವಾ? ಆದ್ರೆ ನಾನು ಮೂಡಿಗೆರೆಯಲ್ಲೇ ಇರೋದು ಜಾಸ್ತಿ. ಊರಿನ ವಿಷಯ ನನಗೆ ಅಷ್ಟು ಗೊತ್ತಾಗಲ್ಲ." ಯಾರ ಮನೆಯಲ್ಲಿ ಎಷ್ಟು ಸುರುಳಿ ತಂತಿ ಇದೆ ಅಂತ ಕಣ್ಣುಮುಚ್ಚಿ ಹೇಳಬಲ್ಲ ಮನುಷ್ಯ.

ಆಮೇಲೆ ಸತ್ತವರ ಹೆಂಡತಿ ಬಂದರು. ತೋಟದ ಕೆಲಸದಿಂದ ನೇರ ಬಂದಿದ್ದರು, ಸೊಂಟಕ್ಕೆ ಗೋಣಿ ಕಟ್ಟಿಕೊಂಡೇ ಇದ್ದರು. ಜಗುಲಿಯ ಮೇಲೆ ಕೂರಿ ಅಂತ ಯಾರೂ ಹೇಳಲಿಲ್ಲ.

"ಬರೋದು ಬೇಡ ಸಾರ್," ಅಂದರು. "ನನ್ ಮಗಳ ಮದ್ವೆಗೂ ಅವರಪ್ಪ ಬರಲ್ಲ."

ಬರೆದಿದ್ದನ್ನು ಒಮ್ಮೆ ಓದಿಸಿ ಕೇಳಿ, ಹೆಸರು ಬರೆದು ಸಹಿ ಹಾಕಿ, ಮತ್ತೆ ಕೆಲಸಕ್ಕೆ ಹೋದರು. ಅವತ್ತು ಆ ಜಗುಲಿಯಲ್ಲಿ ನೆಟ್ಟಗೆ ಬಂದ ಮಾತು ಅದೊಂದೇ. ನಾನು ಇಲ್ಲಿಯವರೆಗೆ ಯಾರ ದನಿಯನ್ನು ಬೇಕಾದರೂ ಮಾಡಿದ್ದೇನೆ. ಅವರದನ್ನು ಮಾಡಿಲ್ಲ, ಮಾಡುವುದೂ ಇಲ್ಲ.

ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟರು. "ಅವ್ರು ಹೇಳಿದ್ದು ನ್ಯಾಯ, ಬರೀಲೇಬೇಕು. ಅದರ ಜೊತೆಗೆ ಊರವ್ರು ನಾಲ್ಕು ಜನ ತೊಂದ್ರೆ ಇಲ್ಲ ಅಂತ ಸೈನ್ ಹಾಕಿ, ಅಣ್ಣ ಜಾಮೀನು ನಿಂತ್ರೆ ಮೇಲಿನವ್ರು ನೋಡ್ಬಹುದು. ಎಲ್ಲಿ, ಅಣ್ಣ ಯಾರು?"

ಅಪ್ಪ ಮುಂದೆ ಬಂದರು. ಚಿಕ್ಕಮ್ಮ ಕಾಗದ ಚಾಚಿದರು. "ನೋಡಿ ಸಾರ್, ನಾನು ಇಲ್ಲ ಅಂತ ಹೇಳ್ತಾ ಇಲ್ಲ. ಓದದೆ ಸೈನ್ ಮಾಡೋ ಅಭ್ಯಾಸ ನನಗಿಲ್ಲ, ರೈಟರ್ ಕೆಲಸ ನೋಡಿ. ಕನ್ನಡಕ ಮನೆಯಲ್ಲಿದೆ, ತಗೊಂಡು ಬರ್ತೀನಿ." ಅಂದು ಹೋದರು. ಕನ್ನಡಕ ಅವರ ಅಂಗಿಜೇಬಿನಲ್ಲಿತ್ತು. ನನಗೆ ಕಾಣುತ್ತಿತ್ತು. ಚಿಕ್ಕಮ್ಮನಿಗೂ ಕಾಣುತ್ತಿತ್ತು.

ಅರ್ಧ ಗಂಟೆ ಕಾದ ಮೇಲೆ ಕಾನ್‌ಸ್ಟೇಬಲ್ ನನ್ನನ್ನು ನೋಡಿದರು. "ನೀನು ಮನೆ ಹುಡುಗ ಅಲ್ವಾ? ನೀನಾದ್ರೂ ಹೇಳಪ್ಪ. ಬಂದ್ರೆ ತೊಂದ್ರೆ ಇದ್ಯಾ?"

ಚಿಕ್ಕಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಬಹುದಿತ್ತು. ಬರಲಿ ಸಾರ್, ಬರೆದುಕೊಳ್ಳಿ, ಇದು ನನ್ನ ಹೆಸರು, ಬೇಕಾದರೆ ನಮ್ಮ ಹಿತ್ತಲನ್ನೂ ನೋಡಿ ಬನ್ನಿ ಅಂತ. ಬಾಯಿ ತೆಗೆದೆ. ಬಂದದ್ದು ಅಪ್ಪನ ದನಿ, ಹಾಜರಿ ಕೂಗುವ ಅದೇ ಧಾಟಿ: "ನೋಡಿ ಸಾರ್, ನಾನು ಇಲ್ಲ ಅಂತ ಹೇಳ್ತಾ ಇಲ್ಲ."

ಜಗುಲಿಯಲ್ಲಿದ್ದವರು ಗೊಳ್ಳನೆ ನಕ್ಕರು. ಕಾನ್‌ಸ್ಟೇಬಲ್ ಕೂಡ ನಕ್ಕರು. ಪುಸ್ತಕ ಮುಚ್ಚಿ ಬೈಕ್ ಹತ್ತಿದರು. ಅರ್ಜಿ ತಿರಸ್ಕಾರ ಆಗಿದೆ ಅನ್ನುವ ಕಾಗದ ಮದುವೆಗೆ ಹತ್ತು ದಿನ ಇರುವಾಗ ಬಂತು. ಅದಾದ ಮೇಲೆ ಅಪ್ಪ ಧಾರೆಗೆ ಉಡಲು ಹೊಸ ಪಂಚೆ ತಂದರು.

ಚಪ್ಪರದ ದಿನ ಮಧ್ಯಾಹ್ನ ಚಿಕ್ಕಮ್ಮನ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಸಹಿ ಹಾಕಲು ಬಾರದ ಕೈಗಳೆಲ್ಲ ಊಟಕ್ಕೆ ತೊಳೆದುಕೊಂಡು ಸಿದ್ಧವಾಗಿದ್ದವು. ಪಾಯಸಕ್ಕೆ ಇನ್ನೂ ಹೊತ್ತಿತ್ತು.

"ಎಂತ ಮಾರಾಯ, ಮೈಕ್ ತಂದಿಲ್ವಾ? ಒಂಚೂರು ನಗ್ಸು," ಅಂದರು ಅಧ್ಯಕ್ಷರು.

ಮೈಕು ತಂದಿದ್ದೆ. ಬಸ್ಸಿನ ಶಬ್ದದಿಂದ ಶುರು ಮಾಡಲಿಲ್ಲ, ಕಾನ್‌ಸ್ಟೇಬಲ್ಲಿನ ಬೈಕಿನಿಂದ ಶುರು ಮಾಡಿದೆ. ಮೂರು ಸಲ ಗಂಟಲು ಸರಿಮಾಡಿಕೊಂಡೆ. "ಒಟ್ಟಾರೆ ಹೇಳೋದಾದ್ರೆ..." ಹಾರ್ಡ್‌ವೇರಿನವರು ತೊಡೆ ತಟ್ಟಿ ನಕ್ಕರು. ಆಮೇಲೆ ಗಿರಾಕಿಗೆ ನಗುವ ನಗೆ ನಕ್ಕೆ. ಈಗ ಅಧ್ಯಕ್ಷರು ತೊಡೆ ತಟ್ಟಿದರು. ಕನ್ನಡಕ ಹುಡುಕಲು ಹೋದ ದನಿಗೆ ಇಬ್ಬರೂ ಸೇರಿ ನಕ್ಕರು. ಅಲ್ಲಿಗೆ ನಿಲ್ಲಿಸಿದ್ದರೆ ಚಪ್ಪಾಳೆ ಗಿಟ್ಟುತ್ತಿತ್ತು. ನಾನು ತಂತಿ ಸುತ್ತುವ ಶಬ್ದ ಮಾಡಿದೆ. ಸರ್ರ್, ಸರ್ರ್. ಬದು ಹಾರುವ ಏದುಸಿರು ಮಾಡಿದೆ. ಕೊನೆಗೆ ನನ್ನದೇ ದನಿ: "ಅಪ್ಪಾ, ಸಿಪ್ಪೆ ಕೆಳಗೆ ಹಾಕ್ಲಾ?" ಅಪ್ಪನ ದನಿ: "ಆಳಕ್ಕೆ ಹಾಕು. ನಾಯಿ ಕೆದಕದ ಹಂಗೆ."

ಯಾರೂ ನಗಲಿಲ್ಲ. ಒಬ್ಬೊಬ್ಬರೂ ಚಪ್ಪರದ ತೋರಣವನ್ನು ಮೊದಲ ಸಲ ನೋಡುವವರ ಹಾಗೆ ನೋಡತೊಡಗಿದರು. ಅಪ್ಪ ಎದ್ದು ನೀರಿನ ಹಂಡೆಯ ಕಡೆ ಹೋದರು. ನನಗೆ ಎದೆ ಉಬ್ಬಿತ್ತು. ಸುಳ್ಳೇಕೆ ಹೇಳಲಿ, ನಾನೇನೋ ದೊಡ್ಡದು ಮಾಡಿದೆ ಅಂತಲೇ ಅನ್ನಿಸಿತ್ತು.

ಚಿಕ್ಕಮ್ಮ ಅಡುಗೆಯ ಕಡೆಯಿಂದ ಬಂದರು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಯಿಂದ ಮೈಕು ತೆಗೆದು ಬೆಂಚಿನ ಮೇಲಿಟ್ಟರು.

"ಚೆನ್ನಾಗಿ ಮಾಡ್ತೀಯ ಮಾರಾಯ," ಅಂದರು. "ಡೈರಿ ಹತ್ರ ಅವ್ರು ಕೇಳಿದಾಗ ಮಾಡಿದ್ರೆ ನಿನ್ನ ಚಿಕ್ಕಪ್ಪ ಇವತ್ತು ಇಲ್ಲಿರ್ತಿದ್ರು. ಈಗ ಎಂತಕ್ಕೆ? ಹೋಗು, ಎಲೆ ಹಾಕು. ಜನ ಕಾಯ್ತಾ ಇದಾರೆ."

ಎಲೆ ಹಾಕಿದೆ. ಅಧ್ಯಕ್ಷರಿಗೆ ಹಾಕಿದೆ, ಹಾರ್ಡ್‌ವೇರಿನವರಿಗೆ ಹಾಕಿದೆ. ಇಬ್ಬರೂ ಎರಡು ಸಲ ಪಾಯಸ ಹಾಕಿಸಿಕೊಂಡರು.

ಮಾರನೇ ದಿನ ಧಾರೆಗೆ ಅಪ್ಪ ಅಮ್ಮ ಕೂತರು. ಅಪ್ಪನ ಪಂಚೆಯಲ್ಲಿ ಅಂಗಡಿಯ ಮಡಿಕೆ ಇನ್ನೂ ಹಾಗೇ ಇತ್ತು. ಚಿಕ್ಕಮ್ಮ ಕಂಬದ ಪಕ್ಕ, ನೆಂಟರ ಹೆಂಗಸರ ಹಿಂದೆ ನಿಂತಿದ್ದರು. ಮದುಮಗಳು ತಲೆ ಎತ್ತಿದಾಗಲೆಲ್ಲ ಆ ಕಂಬವನ್ನೇ ನೋಡುತ್ತಿದ್ದಳು. ಅಪ್ಪ ಚೊಂಬು ಬಗ್ಗಿಸಿದರು, ನೀರು ಬಿತ್ತು. ಫೋಟೋದವನು ಚಿಕ್ಕಮಗಳೂರಿನವನು, ಅವನಿಗೆ ನಮ್ಮ ಕಥೆ ಏನೂ ಗೊತ್ತಿರಲಿಲ್ಲ. ಕ್ಯಾಮರಾ ಎತ್ತಿ ಜೋರಾಗಿ ಕೂಗಿದ:

"ಹುಡುಗಿ ಅಪ್ಪ, ಈ ಕಡೆ ನೋಡಿ ಸಾರ್!"

ಅಪ್ಪ ತಿರುಗಿ ನೋಡಿ ನಕ್ಕರು.