ಬಲಗಡೆ ಸಾಲಿನ ಪಾಪ್‌ಕಾರ್ನ್

ನೂರೆಂಬತ್ತು ಸೀಟಿನ ಆ ಚಿತ್ರಮಂದಿರದಲ್ಲಿ ಸದ್ದಿಗೆ ಸಂಬಂಧಪಟ್ಟಿದ್ದೆಲ್ಲ ಅವನದೇ ಕಾರುಬಾರು. ಇಪ್ಪತ್ತಾರು ವರ್ಷದ ದುಡಿಮೆಯಲ್ಲಿ ಹೆತ್ತವರಿಟ್ಟ ಹೆಸರು ಸವೆದುಹೋಗಿ ಎಲ್ಲರ ಬಾಯಲ್ಲೂ ಸೌಂಡಪ್ಪನಾಗಿದ್ದ. ಹೆಂಡತಿ ಮಾತ್ರ ‘ರೀ’ ಅನ್ನುತ್ತಿದ್ದಳು. ಈಚೀಚೆಗೆ ಒಂದೊಂದು ಮಾತಿಗೂ ಮೂರು ಸಲ ಅನ್ನಬೇಕಾಗಿತ್ತು. ಗಂಡನಿಗೆ ಕೊಬ್ಬು ಬಂದಿದೆ ಎಂದು ಅವಳ ತೀರ್ಮಾನ.

ಪ್ರತಿ ಗುರುವಾರ ಬೆಳಿಗ್ಗೆ ಅವನು ಖಾಲಿ ಹಾಲ್‌ನಲ್ಲಿ ಸದ್ದಿನ ಮಟ್ಟ ಹೊಂದಿಸುತ್ತಿದ್ದ. ಪರದೆಯ ಹಿಂದೆ ಎಡ, ನಡು, ಬಲ ಎಂದು ಮೂರು ಸ್ಪೀಕರ್. ಅವುಗಳ ಕಾಲಬುಡದಲ್ಲಿ ಗುಡುಗಲೆಂದೇ ಹುಟ್ಟಿದ ಸಬ್‌ವೂಫರ್. ಒಂದೊಂದರಲ್ಲೂ ನಲ್ಲಿ ಬಿಟ್ಟಂತೆ ‘ಸೋ’ ಅನ್ನುವ ಪರೀಕ್ಷೆಯ ಸದ್ದು ಹಾಕಿ, ಹಿಂದಿನ ಸಾಲಿನ ನಡುವೆ ಕೂತು ಕೇಳಬೇಕು. ಎದ್ದು ಪ್ರೊಜೆಕ್ಟರ್ ಕೋಣೆಗೆ ಹೋಗಿ ತಿರುಪು ತಿರುಗಿಸಬೇಕು. ಮತ್ತೆ ಬಂದು ಕೂರಬೇಕು. ಇದಕ್ಕೆಂದೇ ಒಂದು ಮೀಟರ್ ಇತ್ತು. ಅದು ಡ್ರಾಯರಿನಲ್ಲಿ ಮಲಗಿತ್ತು.

“ಮೀಟರ್ ಇರೋದು ಕಿವಿ ಇಲ್ಲದೋರಿಗೆ,” ಅನ್ನುತ್ತಿದ್ದ ಸೌಂಡಪ್ಪ. ಸಬ್‌ವೂಫರಿಗಂತೂ ಅವನಿಗೆ ಕಿವಿಯೂ ಬೇಡ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ಅಂಗಾಲಿನಿಂದಲೇ ಅಳೆಯುತ್ತಿದ್ದ.

ಆರು ತಿಂಗಳಿಂದ ಜನ ತಲೆನೋವು ಎಂದು ದೂರುತ್ತಿದ್ದರು. ಸ್ಪೀಕರು ಹಳತಾಯ್ತು ಅಂದ ಸೌಂಡಪ್ಪ. ಗೋಡೆಗೆ ಬಡಿದ ಬಟ್ಟೆ ಕಳಪೆ ಅಂದ. ಕೊನೆಗೆ ಜನರ ತಲೆಯೇ ಸರಿಯಿಲ್ಲ ಅಂದ. ಸೋಮವಾರ ಮಾಲೀಕ ಅವನನ್ನು ಕರೆದು ನಿಲ್ಲಿಸಿದ.

“ಗುರುವಾರ ನಾನೇ ಬಂದು ಕೂತು ಕೇಳ್ತೀನಿ. ಸರಿ ಇಲ್ಲ ಅಂದ್ರೆ ಸೌಂಡಿನ ಕೆಲಸ ಹೊರಗಿನೋರಿಗೆ. ನೀನು ಬಾಗಿಲಲ್ಲಿ ನಿಂತು ಟಿಕೆಟ್ ಹರಿ.”

ಟಿಕೆಟ್ ಹರಿಯುವುದು ಕೀಳು ಕೆಲಸವೇನಲ್ಲ. ಆದರೆ ಅದಕ್ಕೆ ಸೌಂಡಪ್ಪ ಬೇಕಾಗಿಲ್ಲ, ಎರಡು ಕೈ ಸಾಕು.

ಗುರುವಾರ ಬೆಳಗಿನಿಂದ ಅವನು ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಸವೆಸಿದ. ಬಲಗಡೆ ಇನ್ನೂ ಸಪ್ಪೆ ಅನ್ನಿಸಿ ಮತ್ತೊಂದು ಕೂದಲೆಳೆಯಷ್ಟು ಏರಿಸಿದ. ಕಸ ಗುಡಿಸುವ ಅಕ್ಕ ಪೊರಕೆ ಊರಿ ನೋಡುತ್ತಿದ್ದಳು.

“ತಮ್ಮಾ, ಒಂದ್ ಮಾತು. ಬಲಗಡೆ ಸೀಟಿನ ಕೆಳಗೆ ನನಗೆ ಗುಡಿಸೋಕೇ ಏನೂ ಸಿಗ್ತಿಲ್ಲ.”

“ಒಳ್ಳೇದೇ ಆಯ್ತಲ್ಲ.”

“ಪಾಪ್‌ಕಾರ್ನ್ ಎಲ್ಲಾ ಎಡಗಡೇನೇ ಬಿದ್ದಿರುತ್ತೆ. ಹಾಲ್ ಅರ್ಧ ಖಾಲಿ ಇದ್ರೂ ಜನ ಎಡಕ್ಕೇ ಒತ್ಕೊಂಡು ಕೂತಿರ್ತಾರೆ. ಬಲಗಡೆ ಏನೋ ಕಚ್ಚುತ್ತೆ ಅವರಿಗೆ.”

“ತಿಗಣೆ ಇರ್ಬೇಕು.”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಆರು ತಿಂಗಳಿಂದ ನಿನ್ನ ಬಲಗಡೆ ನಿಂತು ಕೂಗ್ತಿದ್ದೀನಿ. ಎಡಕ್ಕೆ ಬಂದ್ರೆ ಮಾತ್ರ ತಿರುಗ್ತೀಯ.”

ಸೌಂಡಪ್ಪ ಹೋಗಿ ಡ್ರಾಯರಿನಿಂದ ಮೀಟರ್ ತೆಗೆದ. ಅದರ ಬ್ಯಾಟರಿ ಸತ್ತಿತ್ತು. ಗೋಡೆ ಗಡಿಯಾರದ ಬ್ಯಾಟರಿ ಕಿತ್ತು ಹಾಕಿದ. ಅಕ್ಕ ಹಿಂದಿನ ಸಾಲಿನಲ್ಲಿ ಮೀಟರ್ ಹಿಡಿದು ಕೂತಳು. ಅವನು ಮೇಲಿನಿಂದ ಒಂದೊಂದೇ ಸ್ಪೀಕರ್ ಹಚ್ಚಿದ.

“ಎಡ, ಎಂಬತ್ತೈದು!” ಅವಳು ಕೂಗಿದಳು. “ನಡುವಿಂದೂ ಎಂಬತ್ತೈದು! ಬಲ... ತೊಂಬತ್ತೊಂದು!”

ಬಲ ಸ್ಪೀಕರ್ ಕೆಟ್ಟಿರಲಿಲ್ಲ. ಬಲಗಿವಿ ಕೆಟ್ಟಿತ್ತು. ಊರಿನವರೆಲ್ಲರ ಕಿವಿಯನ್ನೂ ಅವನು ತನ್ನದಕ್ಕೆ ಹೊಂದಿಸುತ್ತ ಬಂದಿದ್ದ. ಸಬ್‌ವೂಫರನ್ನೂ ಮೀಟರಿಗೆ ತೋರಿಸಿದ. ಅರ್ಧ ಅಂಕಿಯೂ ಆಚೀಚೆ ಇರಲಿಲ್ಲ. ಅಂಗಾಲು ಕಿವುಡಾಗಿರಲಿಲ್ಲ.

ಬಲವನ್ನು ಎಂಬತ್ತೈದಕ್ಕೆ ಇಳಿಸಿದ. ಈಗ ಇಡೀ ಹಾಲ್ ಅವನಿಗೆ ಎಡಕ್ಕೆ ವಾಲಿಕೊಂಡಂತೆ ಕೇಳಿಸಿತು. ತಿರುಪಿನ ಮೇಲಿಂದ ಕೈ ತೆಗೆದು ಜೇಬಿನಲ್ಲಿ ಇಟ್ಟುಕೊಂಡ.

ಮಾಲೀಕ ಬಂದು ಕೂತ. ಎರಡು ರೀಲ್‌ನಷ್ಟು ಹೊತ್ತು ಚಿತ್ರ ಹಾಕಿಸಿ ಕೇಳಿ, ಸೌಂಡಪ್ಪನನ್ನು ಕೆಳಗೆ ಕರೆದ.

“ಚೆನ್ನಾಗಿದೆಯಲ್ಲೋ. ಏನಾಗಿತ್ತು?”

ವೈರು ಸಡಿಲವಾಗಿತ್ತು ಅಂದರೆ ಮುಗಿಯುತ್ತಿತ್ತು. ಬಾಯಿಗೂ ಬಂದಿತ್ತು. ಅಕ್ಕ ಪೊರಕೆಯ ಕಡ್ಡಿ ಎಣಿಸುತ್ತಿದ್ದಳು.

“ಬಲಗಿವಿ ಹೋಗಿದೆ ಸಾರ್. ನಂದು.”

ಮಾಲೀಕ ಅವನನ್ನೂ ಮೀಟರನ್ನೂ ನೋಡಿದ. “ಹಾಗಾದ್ರೆ ಇದೇ ಸಾಕಲ್ಲ. ನೀನ್ಯಾಕೆ?”

ಅಷ್ಟರಲ್ಲಿ ಪರದೆಯ ಮೇಲೆ ಏನೋ ಕುಸಿದು ಸಬ್‌ವೂಫರ್ ಗುಡುಗಿತು. ಸೌಂಡಪ್ಪ ಬರಿಗಾಲನ್ನು ನೆಲಕ್ಕೆ ಒಮ್ಮೆ ಒತ್ತಿ, ನೇರ ಹೋಗಿ ಏಳನೇ ಸಾಲಿನ ಮೂರನೇ ಸೀಟಿನ ಕೆಳಗೆ ಕೈ ಹಾಕಿದ. ಗರಗರ ಅನ್ನುತ್ತಿದ್ದ ಸಡಿಲ ಬೋಲ್ಟೊಂದು ಕೈಗೆ ಬಂತು. ಅದನ್ನು ಮಾಲೀಕನ ಅಂಗೈಯಲ್ಲಿ ಇಟ್ಟ.

“ಇದನ್ನ ಮೀಟರ್ ಹೇಳಲ್ಲ ಸಾರ್.”

ಮಾಲೀಕ ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. “ಇನ್ಮೇಲೆ ಗುರುವಾರ ಅಕ್ಕ ಮೀಟರ್ ಓದ್ಲಿ. ನೀನು ಕಾಲಲ್ಲೇ ಕೇಳು. ಕಿವಿ ನಂಬಬೇಡ,” ಎಂದು ಹೇಳಿ, “ಗಡಿಯಾರ ಯಾಕೋ ನಿಂತಿದೆ, ನೋಡು,” ಎನ್ನುತ್ತ ಹೊರಟ.

ಶನಿವಾರ ಬೆಳಿಗ್ಗೆ ಅಕ್ಕ ಅವನ ಎಡಗಡೆಗೆ ಬಂದು ನಿಂತಳು.

“ನಿನ್ನ ಮನೆ ಕಾಯ್ವಾಗ! ಎರಡೂ ಕಡೆ ಕಸ. ಸೊಂಟ ಬಿದ್ದುಹೋಯ್ತು.”