ಗಾಜಿನ ಪೆಟ್ಟಿಗೆಯೊಳಗಿನ ಕಂಬಳಿ

ಮೊನ್ನೆ ಕನಕಪುರದಿಂದ ರಾಮನಗರಕ್ಕೆ ಬರುವ ಬಸ್ಸಿನಲ್ಲಿ ಕಂಬಳಿ ಮಾರುವವನೊಬ್ಬ ಬಂದು ಪಕ್ಕದಲ್ಲಿ ಕೂತ. ಮರಳವಾಡಿ ಕಡೆಯವನಂತೆ. ತೊಡೆಯ ಮೇಲಿದ್ದ ಗಂಟಿನಿಂದ ಹೊಸ ಕಂಬಳಿಯ ವಾಸನೆ ಬರುತ್ತಿತ್ತು. ಉಣ್ಣೆಯದು ಸ್ವಲ್ಪ, ಅದಕ್ಕೆ ಹಾಕುವ ಹುಣಸೆಬೀಜದ ಗಂಜಿಯದು ಜಾಸ್ತಿ. ನಮ್ಮದು ರೇಷ್ಮೆ ಬಿಚ್ಚುವ ಮನೆತನ. ಬೆಂದ ಗೂಡಿನ ನಾತದಲ್ಲೇ ಹುಟ್ಟಿ ಬೆಳೆದ ಈ ಮೂಗಿಗೆ ಬೇರೆ ವಾಸನೆ ಹತ್ತುವುದೇ ಅಪರೂಪ. ಇದು ಮಾತ್ರ ಹತ್ತಿತು. ಎದ್ದು ಹಿಂದಿನ ಸೀಟಿಗೆ ಹೋದೆ. ಆತ ಏನೆಂದುಕೊಂಡನೋ... ನನಗೆ ದಫೇದಾರರು ನೆನಪಾಗಿದ್ದರು.

ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಎಷ್ಟು ಕಾಲವಾಗಿದ್ದರೂ ಊರಿಗೆಲ್ಲ ಅವರು ದಫೇದಾರರೇ. ನಮ್ಮ ಟ್ರಸ್ಟಿನ ಕಾರ್ಯದರ್ಶಿಯಾಗಿದ್ದರು. ಹಳೇ ಪೊಲೀಸ್ ಠಾಣೆಯ ಕಟ್ಟಡದಲ್ಲಿ ಅಪರಾಧ ಮತ್ತು ಪೊಲೀಸರ ಬಗ್ಗೆ ಒಂದು ಮ್ಯೂಸಿಯಂ ನಡೆಸಲು ಕಟ್ಟಿಕೊಂಡ ಟ್ರಸ್ಟು ಅದು. ‘ಲಾಭದ ಉದ್ದೇಶವಿಲ್ಲದ ಸಂಸ್ಥೆ’ ಎಂದು ಬಾಗಿಲ ಮೇಲೆ ಬರೆಸಿದ್ದೆವು. ಲಾಭವಿರಲಿಲ್ಲ, ನಿಜ. ಉದ್ದೇಶವೇನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಧ್ಯಕ್ಷರು ಕಲ್ಲು ಕ್ವಾರಿಯ ಧಣಿ. ಶಾಲು, ಹಾರ, ಫೋಟೊ ಎಂದರೆ ಪ್ರಾಣ ಬಿಡುವವರು. ವರ್ತಕರ ಪರವಾಗಿ ಒಬ್ಬನಿರಲಿ ಎಂದು ನನ್ನನ್ನು ಸೇರಿಸಿಕೊಂಡಿದ್ದರು. ಸಭೆಯಲ್ಲಿ ಬೋಂಡ ತಿಂದು ಸಹಿ ಹಾಕುವುದು ನನ್ನ ಪಾಲಿನ ಸಮಾಜಸೇವೆ.

ಮ್ಯೂಸಿಯಂನಲ್ಲಿ ಬೇಡಿಗಳಿದ್ದವು, ಲಾಠಿಗಳಿದ್ದವು, ಕಳ್ಳಬಟ್ಟಿಯ ಮಡಕೆಗಳಿದ್ದವು. ಚನ್ನಪಟ್ಟಣದಲ್ಲಿ ಮಾಡಿಸಿದ ಬಣ್ಣದ ಪೊಲೀಸ್ ಗೊಂಬೆಗಳೂ ಸಾಲಾಗಿ ನಿಂತಿದ್ದವು. ಆದರೆ ಜನ ಬರುತ್ತಿದ್ದದ್ದು ಒಂದು ಕಂಬಳಿ ನೋಡಲು. ಕುರಿಕಳ್ಳರ ಕೈಯಲ್ಲಿ ಸತ್ತ ಬಡಪಾಯಿ ಕುರಿಗಾರನದು, ರಕ್ತದ ಕಲೆ ಸಮೇತ ಗಾಜಿನ ಪೆಟ್ಟಿಗೆಯಲ್ಲಿತ್ತು.

ಆ ಕೊಲೆಯಾದಾಗ ದಫೇದಾರರು ಇನ್ನೂ ಹೊಸ ಪೇದೆ. ಸತ್ತವನ ಹೆಂಡತಿ ಕಂಬಳಿಯನ್ನು ಎದೆಗವಚಿಕೊಂಡು ಕೂತಿದ್ದಳಂತೆ. ಅದು ಕೇಸಿನ ಸಾಕ್ಷಿ, ತೆಗೆದುಕೊಳ್ಳದೆ ವಿಧಿಯಿಲ್ಲ. ಅವಳ ಕೈಯಿಂದ ಬಿಡಿಸಿಕೊಂಡವರು ಇವರೇ. “ಕೇಸ್ ಮುಗೀಲಿ ಕಣವ್ವ, ನಾನೇ ತಂದ್ಕೊಡ್ತೀನಿ” ಎಂದು ಮಾತು ಕೊಟ್ಟಿದ್ದರು. ಕೇಸು ಮುಗಿಯಿತು, ಸಿಕ್ಕಿಬಿದ್ದಿದ್ದ ಕಳ್ಳರು ಖುಲಾಸೆಯಾದರು. ಆಕೆ ಮಾಗಡಿ ಕಡೆಯ ತಿಪ್ಪಸಂದ್ರದ ಅಣ್ಣನ ಮನೆ ಸೇರಿದಳು, ಇವರಿಗೆ ವರ್ಗದ ಮೇಲೆ ವರ್ಗ. ಕಂಬಳಿ ಠಾಣೆಯ ಮೂಲೆಯಲ್ಲೇ ಬಿದ್ದಿತ್ತು. ಮುಗಿದ ಕೇಸುಗಳ ವಸ್ತುಗಳನ್ನು ಕೋರ್ಟಿನ ಅಪ್ಪಣೆ ಪಡೆದು ನಮ್ಮ ಮ್ಯೂಸಿಯಂಗೆ ಕೊಟ್ಟಾಗ ಅದೂ ಬಂತು. ದಫೇದಾರರು ಟ್ರಸ್ಟಿಗೆ ಬಂದದ್ದೇ ಅದರ ಬೆನ್ನು ಹತ್ತಿ ಎಂದು ನಮಗೆ ತಿಳಿದದ್ದು ಆಮೇಲೆ.

ಉದ್ಘಾಟನೆಯ ಹೊತ್ತಿಗೆ ಅವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದರು. ಕಣ್ಣು ಸರಿಯಾದ ಮೇಲೆ ಮೊದಲು ಮಾಡಿದ ಕೆಲಸ ತಿಪ್ಪಸಂದ್ರಕ್ಕೆ ಹೋಗಿ ಆಕೆಯನ್ನು ಹುಡುಕಿದ್ದು. ಆಕೆ ಮುದುಕಿಯಾಗಿದ್ದಳು. ಇವರನ್ನು ಕಂಡವಳೇ ಕೇಳಿದ್ದು ಕಂಬಳಿಯನ್ನು. ಅವರ ಮನೆತನದಲ್ಲಿ ಗಂಡಸು ಸತ್ತರೆ ಪಿತೃಪಕ್ಷದ ಮೊದಲ ಎಡೆಯನ್ನು ಅವನು ಹೊದ್ದ ಕಂಬಳಿಯ ಮೇಲೇ ಇಡಬೇಕು. ಆಮೇಲಿನ ವರ್ಷಗಳಲ್ಲಿ ಯಾವ ಹೊಸ ಬಟ್ಟೆಯಾದರೂ ನಡೆಯುತ್ತದೆ. ಆ ಮೊದಲ ಎಡೆ ಬೀಳುವ ತನಕ ಸತ್ತವನನ್ನು ಹಿರಿಯರು ಒಳಗೆ ಸೇರಿಸುವುದಿಲ್ಲ, ಹೊಸಿಲಾಚೆ ಹಸಿದುಕೊಂಡು ನಿಂತಿರುತ್ತಾನೆ ಎಂದು ಅವರ ನಂಬಿಕೆ. ನಾನು ಸಾಬಿ, ನಮ್ಮಲ್ಲಿ ಇದೆಲ್ಲ ಇಲ್ಲ. ಆದರೂ ದಫೇದಾರರು ಹೇಳಿದಾಗ ಕೈಯಲ್ಲಿದ್ದ ಬೋಂಡವನ್ನು ತಟ್ಟೆಗೆ ವಾಪಸ್ ಇಟ್ಟೆ.

ಪ್ರತಿ ಸಭೆಯಲ್ಲೂ ಅವರು ಎದ್ದು ನಿಂತು ಕೇಳುತ್ತಿದ್ದರು. ಠಾಣೆಯಲ್ಲಿ ಸಾಹೇಬರ ಮುಂದೆ ನಿಲ್ಲುವ ಹಾಗೆ, ಕೈ ಹಿಂದೆ ಕಟ್ಟಿಕೊಂಡು. “ರೀ ದಫೇದಾರ್ರೆ, ಆ ಕಂಬ್ಳಿ ಹೋದ್ರೆ ನಮ್ತಾವ ಇನ್ನೇನೈತ್ರೀ?” ಎಂದು ಅಧ್ಯಕ್ಷರು ತಳ್ಳಿಹಾಕುತ್ತಿದ್ದರು. ಮುಂದಿನ ಸಭೆಯಲ್ಲಿ ಪರಿಶೀಲಿಸುವುದು ಎಂದು ಬರೆದುಕೊಳ್ಳುತ್ತಿದ್ದೆವು. ಮುಂದಿನ ಸಭೆಗೆ ಅರ್ಧ ಜನ ಬರುತ್ತಿರಲಿಲ್ಲ... ಹೀಗೇ ಎಷ್ಟೋ ಪಿತೃಪಕ್ಷದ ಹಬ್ಬಗಳು ಕಳೆದವು. ಕೊನೆಗೊಂದು ದಿನ ಅಧ್ಯಕ್ಷರಿಗೇ ರೋಸಿಹೋಯಿತು. ಪೆಟ್ಟಿಗೆಯ ಬೀಗದ ಕೈಯನ್ನು ಮೇಜಿನ ಮೇಲೆ ಜಾರಿಸಿ, “ಕೊಟ್ಟಾಕ್ರಿ ಅತ್ಲಾಗೆ. ಇನ್ನೊಂದು ತಂದಿಟ್ರಾಯ್ತು” ಎಂದರು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕೆವು. ದಫೇದಾರರೂ ನಕ್ಕರು. ಅವರು ಅಷ್ಟು ಬಾಯಿತುಂಬ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹಬ್ಬಕ್ಕೆ ಮುಂಚಿನ ವಾರ ಆಕೆ ಬಂದಳು. ಕಂಬಳಿ ಸುತ್ತಿಕೊಂಡು ಹೋಗಲು ಅರಿಶಿನದಲ್ಲಿ ಅದ್ದಿದ ಬಟ್ಟೆ ತಂದಿದ್ದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ ದಫೇದಾರರು ತಾವೇ ಬೀಗ ತೆಗೆದು, ಎರಡೂ ಕೈಯಲ್ಲಿ ಕಂಬಳಿ ಎತ್ತಿ ಅವಳ ಮಡಿಲಿಗಿಟ್ಟರು. ಆಕೆ ಅದನ್ನು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಬಿಡಿಸಿ ಅಂಚು ಸವರಿದಳು. ಇನ್ನೊಂದು ಸಲ ಸವರಿದಳು.

“ಇದು ನಮ್ದಲ್ಲ ಕಣಪ್ಪ” ಎಂದಳು. “ನಾನು ನೂತಿದ್ದ ನೂಲಲ್ಲ ಇದು. ಒಸಿ ಬಗ್ಗಿ ನೋಡು, ಇನ್ನೂ ಗಂಜಿ ವಾಸ್ನೆ ಬತ್ತಾ ಐತೆ.”

ನಾನೂ ಬಗ್ಗಿ ಮೂಸಿದೆ. ಹುಣಸೆಬೀಜದ ಗಂಜಿ. ರಕ್ತದ ಕಲೆಯನ್ನು ಉಗುರಿನಿಂದ ಕೆರೆದರೆ ಕೆಂಪಗೆ ಹೊಳೆಯುವ ಚಕ್ಕೆ ಎದ್ದಿತು. ಗೊಂಬೆಗೆ ಬಳಿಯುವ ಅರಗಿನ ಬಣ್ಣ.

ದಫೇದಾರರು ಜಗಲಿಗೆ ಹೋಗಿ ಅಧ್ಯಕ್ಷರಿಗೆ ಫೋನ್ ಮಾಡಿದರು. ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಿಸುತ್ತಿತ್ತು. “ಅದಾ? ಓಪನಿಂಗಿಗೆ ಮುಂಚೇನೇ ಹುಳ ಬಿದ್ದು ನಾರ್ತಿತ್ತು ಕಣ್ರೀ. ದೊಡ್ಡೋರೆಲ್ಲ ಬರೋರಿದ್ರು. ಕಸದ್ ಜೊತೆ ಸುಡ್ಸಿ, ಸಂತೇಲಿ ಒಂದು ತರ್ಸಿ ಮಡಗ್ಸಿದ್ದೆ. ಯಾವ ಕಂಬ್ಳಿ ಆದ್ರೇನು, ಇಕ್ಕೊಂಡ್ಲಿ ಬುಡಿ!” ಆ ಧ್ವನಿಯಲ್ಲಿ ಮುಚ್ಚುಮರೆಯೇ ಇರಲಿಲ್ಲ. ತಪ್ಪು ಮಾಡಿದ್ದೇನೆ ಎಂಬುದು ಆ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ದಫೇದಾರರು ಒಳಗೆ ಬಂದರು. ಆಕೆ ಅರಿಶಿನದ ಬಟ್ಟೆಯನ್ನು ಹಾಗೇ ಹರವಿಕೊಂಡು ಕೂತಿದ್ದಳು. ನಿಜ ಹೇಳುತ್ತಾರೆ ಎಂದುಕೊಂಡೆ. ಸುಳ್ಳು ಹೇಳಿ ಗೊತ್ತಿದ್ದ ಮನುಷ್ಯನೇ ಅಲ್ಲ.

“ಕೋರ್ಟಲ್ಲೇ ಉಳ್ಕಬುಟ್ಟೈತೆ ಕಣವ್ವ” ಎಂದರು. “ಹುಡುಕಿ ತಂದ್ಕೊಡ್ತೀನಿ.”

ಆಕೆ ಬಟ್ಟೆ ಮಡಿಚಿಕೊಂಡು ಹೋದಳು. ಆಮೇಲೆ ದಫೇದಾರರು ಮ್ಯೂಸಿಯಂ ಕಡೆ ತಲೆಹಾಕಲಿಲ್ಲ. ರಾಜೀನಾಮೆ ಕಳಿಸಿದರು, ಅಂಗೀಕಾರವಾಯಿತು. ನಾನು ಮನೆಗೆ ಹೋದಾಗಲೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. “ಎರಡ್ನೇ ಸಲನೂ ಮಾತು ಕೊಟ್ಬುಟ್ನಲ್ಲ ಸಾಬ್ರೆ” ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಮುಂದಿನ ಹಬ್ಬ ಅವರು ನೋಡಲಿಲ್ಲ...

ಮೊನ್ನೆ ಬಸ್ಸಿಳಿದು ಟ್ರಸ್ಟಿನ ಸಭೆಗೆಂದು ಹೋದರೆ ಮ್ಯೂಸಿಯಂ ಮೆಟ್ಟಿಲ ಮೇಲೆ ಆಕೆ ಕೂತಿದ್ದಳು. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಬರುತ್ತಾಳಂತೆ. ದಫೇದಾರರು ಊರಲ್ಲಿಲ್ಲ ಎಂದು ಕಾವಲಿನವನು ಪ್ರತಿ ವರ್ಷ ಸಾಗಹಾಕುತ್ತಿದ್ದನಂತೆ. ಅದೊಂದನ್ನಾದರೂ ಹೇಳಿಬಿಡೋಣ ಎಂದು, ಅವರು ತೀರಿಕೊಂಡರು ಕಣವ್ವ ಎಂದೆ.

“ನಮ್ ಕಂಬ್ಳಿ ಹುಡುಕ್ತಾ ಹುಡುಕ್ತಾನೇ ಹೋಗ್ಬುಟ್ರಾ?” ಎಂದಳು.

ಹೂಂ ಎಂದೆ.

“ಅವರ್ದೂ ಒಂದು ಬಟ್ಟೆ ಈಸ್ಕೊಡು ಸಾಬಣ್ಣ. ಕಂಬ್ಳಿ ಸಿಕ್ತಿದ್ದಂಗೆ ನಮ್ಮೋರ್ಗೂ ಅವರ್ಗೂ ಒಟ್ಗೇ ಎಡೆ ಇಕ್ತೀನಿ.”

ಸುಟ್ಟುಹೋಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೊರಗೆ ಬರಲಿಲ್ಲ. ಆಕೆಯನ್ನು ಮಾಗಡಿ ಬಸ್ಸು ಹತ್ತಿಸಿ ಬಂದೆ. ಕಂಬಳಿ ಇಲ್ಲ, ದಫೇದಾರರೂ ಇಲ್ಲ. ಇಷ್ಟು ವರ್ಷ ಆಕೆಯ ಹೊಸಿಲಾಚೆ ಗಂಡನೊಬ್ಬನೇ ನಿಂತಿದ್ದ. ಇನ್ನು ಮೇಲೆ ದಫೇದಾರರೂ ಅವನ ಪಕ್ಕದಲ್ಲಿ ಹಸಿದುಕೊಂಡು ನಿಂತಿರುತ್ತಾರೆ.