ಊರೇ ಹೊತ್ತ ಬಸಿರು

ನಮ್ಮ ಮನೆಯಲ್ಲಿ ಹೆಂಗಸರ ಬೇನೆಗಳಿಗೆಲ್ಲ ಒಂದೇ ಮದ್ದು, ಅಡುಗೆಮನೆಯ ಗೂಡಿನಲ್ಲಿದ್ದ ಓಮದ ಡಬ್ಬಿ. ಮುಟ್ಟಿನ ನೋವಿಗೆ ಓಮದ ಕಷಾಯ, ಬಿಳಿ ಹೋದರೂ ಅದೇ, ಕಿಬ್ಬೊಟ್ಟೆ ಭಾರವಾದರೂ ಅದೇ. ಎದೆಯಿಂದ ಮೊಣಕಾಲಿನವರೆಗೆ ಹೆಣ್ಣಿಗಿರುವುದೆಲ್ಲ ಬರಿಯ ಹೊಟ್ಟೆಯೆಂದು ಹಿರಿಯರು ತೀರ್ಮಾನಿಸಿಬಿಟ್ಟಿದ್ದರಿಂದ, ಮಿತ್ರರೇ, ಒಳಗೆ ಇನ್ನೇನಾದರೂ ಇದ್ದೀತೇ ಎಂದು ಕೇಳಿದ ನನ್ನಂಥ ಹುಡುಗಿಯರಿಗೆ ನಾಲಿಗೆ ಉದ್ದವೆಂಬ ಬಿರುದು ಸಿಗುತ್ತಿತ್ತು.

ಎಪ್ಪತ್ತರ ದಶಕದ ಮಾತು. ನನ್ನ ಸೋದರತ್ತೆ ಈರಮ್ಮ ಗಂಡ ತೀರಿಕೊಂಡ ಮೇಲೆ ಹಿರಿಯೂರು ಸೀಮೆಯ ನಮ್ಮೂರಿಗೆ, ತವರಿಗೆ ಬಂದಿದ್ದಳು. ಕೆಲವು ವರ್ಷಗಳ ಮೇಲೆ ಅವಳ ಹೊಟ್ಟೆ ಮುಂದೆ ಬರತೊಡಗಿತು. ನಮ್ಮೂರಿನ ಗಂಡಸರು ಕುರಿ ಸಾಕುವವರು; ಕುರಿಯ ಹೊಟ್ಟೆ ಉಬ್ಬಿದರೆ ಅದರ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು, ಒತ್ತಿ, ತಟ್ಟಿ, ಕಿವಿಗೊಟ್ಟು, ಮರಿಯೋ ಉಬ್ಬರವೋ ಎಂದು ಹೊತ್ತು ಮುಳುಗುವವರೆಗೆ ಚರ್ಚಿಸುವ ಪಂಡಿತರು. ಅತ್ತೆಯ ವಿಷಯದಲ್ಲಿ ಅಷ್ಟು ಶ್ರಮವೇ ಬೇಕಾಗಲಿಲ್ಲ. ಕಟ್ಟೆಯ ಮೇಲೆ ಕೂತಲ್ಲಿಂದಲೇ ಬಸಿರೆಂದರು, ಎಷ್ಟು ತಿಂಗಳೆಂದರು, ಅಪ್ಪ ಯಾರೆಂಬುದನ್ನೂ ಹೇಳಿ ಮುಗಿಸಿದರು.

"ತಿಂಗಳು ತಿಂಗಳೂ ಹೊರಗೆ ಕುಂದ್ರಲ್ವೇನ್ರಿ ನಾನು? ನೀವೇ ಅಲ್ವೇನ್ರಿ ದೂರದಿಂದ ಗಂಗಾಳ ತಳ್ಳೋರು?" ಎಂದು ಅತ್ತೆ ಅವರೆದುರು ಅತ್ತಳು. ನಿಜವೇ. ಮುಟ್ಟಾದವಳ ನೆರಳು ಸೋಕದಂತೆ ದಾರಿ ಬದಲಿಸುವ ಊರು, ತಾನೇ ಅವಳನ್ನು ಪ್ರತಿ ತಿಂಗಳೂ ಊರಾಚೆಯ ಮುಟ್ಟಿನ ಗುಡಿಸಲಿಗೆ ಅಟ್ಟುತ್ತಿದ್ದುದನ್ನು ಅನುಕೂಲಕ್ಕೆ ತಕ್ಕಂತೆ ಮರೆತಿತ್ತು.

"ಮುಟ್ಟಂತೆ! ನಾಟ್ಕ ಆಡ್ತಾಳೆ. ಊರು ಬಿಡಿಸ್ರಿ ಅವಳ್ನ," ಎಂದರು ಊರ ಗೌಡರು.

ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹೆಣ್ಣಿನ ಹೊಟ್ಟೆಯೆಂದರೆ ಬಸಿರು, ಇಲ್ಲವೆ ಬಂಜೆತನ. ಮೂರನೆಯದೊಂದಕ್ಕೆ ನಮ್ಮವರ ತಲೆಯಲ್ಲಿ ಜಾಗವೇ ಇರಲಿಲ್ಲ.

ಈರತ್ತೆಯ ತಾಯಿ, ಅಂದರೆ ನನ್ನ ಅಜ್ಜಿ, ಮೊದಲು ಡಾಕ್ಟರಮ್ಮನಿಗೆ ತೋರಿಸಿಯೇ ಸೈ ಎಂದು ಹಟ ಹಿಡಿದಳು. ಸಾಕ್ಷಿಗೆಂದು ಗೌಡರೂ ನಮ್ಮೊಂದಿಗೆ ದುರ್ಗದ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆ ಒತ್ತಿ, ತಟ್ಟಿ ನೋಡಿದಾಗ, ಕುರಿಗೆ ಸಿಗುವಷ್ಟು ಗಮನ ಅತ್ತೆಗೂ ಕೊನೆಗೊಮ್ಮೆ ಸಿಕ್ಕಿತು.

"ಬಸಿರಲ್ಲಮ್ಮ ಇದು," ಎಂದರು ಡಾಕ್ಟರಮ್ಮ. "ಗರ್ಭಕೋಶದ ಎರಡೂ ಪಕ್ಕ ಅಂಡಾಶಯ ಇರುತ್ತೆ. ಅಲ್ಲಿ ನೀರಿನ ಗುಳ್ಳೆ ಏಳೋದು, ತಾನಾಗೇ ಕರಗೋದು ಮಾಮೂಲು. ಇದು ಹಂಗಲ್ಲ, ಗಡ್ಡೆಯಾಗಿ ಬೆಳೆದಿದೆ. ತಿರುಚಿಕೊಂಡ್ರೆ ಜೀವಕ್ಕೇ ಅಪಾಯ, ತೆಗೀಲೇಬೇಕು."

ಅತ್ತೆ ಮುಖ ಮುಚ್ಚಿಕೊಂಡು ಬಿಕ್ಕಿದಳು. ಸಾಯಬಹುದೆಂದು ಕೇಳಿ ಹಗುರಾದ ಹೆಂಗಸನ್ನು ನಾನು ಅವತ್ತೇ ಮೊದಲು ನೋಡಿದ್ದು. ಗೌಡರು ಮಾತ್ರ ಸೋಲಲಿಲ್ಲ. "ಹೆಣ್ಣಿಗೆ ಹೆಣ್ಣು ವಕಾಲತ್ತು. ಕಣ್ಣಾರೆ ನೋಡ್ದೆ ನಾನು ನಂಬಾಕಿಲ್ಲ," ಎಂದು ಆಪರೇಷನ್ ದಿನದವರೆಗೂ ದುರ್ಗದಲ್ಲೇ ನೆಂಟರ ಮನೆಯಲ್ಲಿ ಉಳಿದರು.

ಆ ದಿನ ನರ್ಸಮ್ಮ ಹೊರಬಂದು ಅತ್ತೆಯ ಜೀವಕ್ಕೇನೂ ಭಯವಿಲ್ಲವೆಂದಳು. ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಅಲ್ಲಿನ ಪದ್ಧತಿ. ಅವಳ ಕೈಯ ಬೋಗುಣಿಯಲ್ಲಿ ಕುಂಬಳಕಾಯಿಯಷ್ಟು ದೊಡ್ಡ, ನುಣ್ಣನೆಯ ಗಡ್ಡೆ ಕೂತಿತ್ತು. ಗೌಡರು ಹೆಗಲ ವಲ್ಲಿಯನ್ನು ಮೂಗಿಗೆ ಹಿಡಿದು ಗೋಡೆಯ ಕಡೆ ತಿರುಗಿದರು. ಅಜ್ಜಿ ಅವರ ರಟ್ಟೆ ಹಿಡಿದು ಬೋಗುಣಿಯ ಮುಂದಕ್ಕೆ ಎಳೆದಳು.

"ಸರ್‍ಯಾಗಿ ನೋಡ್ರಿ ಗೌಡ್ರೆ. ಯಾರ ಹೋಲಿಕೆ ಐತೆ, ನೀವೇ ಹೇಳ್ರಿ."